ಜವಳಿನಲ್ಲಿ ಕಟ್ಟದ ಪೀಟ್ ಉಬ್ಬರದ ಜೌಗಿನಲ್ಲಿ ಕಟ್ಟುವುದು ಹೇಗೆ?

ಕಾರಟಗಿಯಿಂದ ಸಿಂಧನೂರಿನವರೆಗೆ, ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗಿನ ತಗ್ಗು ಹೊಲಗಳಲ್ಲಿ, ಸವಳು-ಜವಳು ಎಂದರೇನು ಎಂದು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಮೇಲಿನ ಗದ್ದೆಗಳಿಂದ ಬಸಿದ ನೀರು ಕೆಳಗೆ ಬಂದು ನಿಲ್ಲುತ್ತದೆ. ಅದು ಆರಿದ ಕಡೆ ಉಪ್ಪು ಬೆಳ್ಳಗೆ ಮೇಲೇಳುತ್ತದೆ. ಭತ್ತ ಕೈಕೊಟ್ಟ ಮೂಲೆಯಲ್ಲಿ ಜೊಂಡು ಆಳೆತ್ತರಕ್ಕೆ ಬೆಳೆದು ನಿಲ್ಲುತ್ತದೆ. ಉಪ್ಪು, ನಿಂತ ನೀರು, ದಟ್ಟವಾದ ಹುಲ್ಲು: ಸಮುದ್ರದಂಚಿನ ಉಬ್ಬರದ ಜೌಗಿನಲ್ಲೂ ಮೇಲ್ನೋಟಕ್ಕೆ ಕಾಣುವುದು ಈ ಮೂರೇ. ಆದರೆ ಅಂಥ ಜೌಗುಗಳ ಅಡಿಯಲ್ಲಿ ಸಾವಿರಾರು ವರ್ಷಗಳಿಂದ ಪೀಟ್ ಎಂಬ ಕಂದು ಬಣ್ಣದ, ನಾರು ತುಂಬಿದ ಪದರ ಮೀಟರುಗಟ್ಟಲೆ ದಪ್ಪಕ್ಕೆ ಕಟ್ಟಿಕೊಂಡಿದೆ. ತುಂಗಭದ್ರಾ ಅಣೆಕಟ್ಟೆಯಲ್ಲಿ ನೀರು ನಿಂತು ಏಳು ದಶಕ ದಾಟಿತು. ವರ್ಷಕ್ಕೆ ಒಂದು ಮಿಲಿಮೀಟರ್ ಲೆಕ್ಕ ಹಿಡಿದರೂ ನಮ್ಮ ಜವಳು ನೆಲದಲ್ಲಿ ಇಷ್ಟು ಹೊತ್ತಿಗೆ ನಾಲ್ಕು ಬೆರಳು ದಪ್ಪದ ಪೀಟ್ ಕಾಣಬೇಕಿತ್ತು. ಕಾಣುವುದಿಲ್ಲ. ಏಕೆ ಎಂದು ಕೇಳಿಕೊಂಡರೆ ಪೀಟ್ ಕಟ್ಟುವ ಬಗೆ ಎಳೆ ಎಳೆಯಾಗಿ ಬಿಚ್ಚಿಕೊಳ್ಳುತ್ತದೆ.

ಪೀಟ್ ಎಂದರೆ ಪೂರ್ತಿ ಕೊಳೆಯದೆ ಉಳಿದ ಸಸ್ಯಾಂಶ. ನರ್ಸರಿ ಟ್ರೇಗಳಿಗೆ ತುಂಬುವ ಕೊಕೊಪೀಟ್ ತೆಂಗಿನ ನಾರಿನ ಪುಡಿ, ಅದು ಬೇರೆ ಸರಕು. ಇಲ್ಲಿ ಹೇಳುತ್ತಿರುವುದು ಬೆಳೆದ ಜಾಗದಲ್ಲೇ ಸತ್ತು, ಅಲ್ಲೇ ಹೂತು, ಅಲ್ಲೇ ಉಳಿದ ಬೇರು, ಕಾಂಡಗಳ ಮಾತು. ಪೀಟ್ ಕಟ್ಟಬೇಕಾದರೆ ಸಸ್ಯ ಸಮೃದ್ಧವಾಗಿ ಬೆಳೆಯಬೇಕು ಎಂದು ಯಾರಿಗಾದರೂ ಮೊದಲು ಅನಿಸುತ್ತದೆ. ಬೆಳೆಯುವುದೊಂದೇ ಸಾಕಾಗಿದ್ದರೆ ಗಂಗಾವತಿಯ ಭತ್ತದ ಗದ್ದೆಗಳು ಎಂದೋ ಪೀಟ್ ಆಗಬೇಕಿತ್ತು. ವರ್ಷಕ್ಕೆ ಎರಡು ಬೆಳೆ ತೆಗೆಯುವ ನೆಲವದು. ಎರೆಯ ಕಪ್ಪು ಬಣ್ಣ ನೋಡಿ ಅದರಲ್ಲಿ ಸಾವಯವ ಅಂಶ ತುಂಬಿ ತುಳುಕುತ್ತಿದೆ ಎಂದುಕೊಳ್ಳುವವರೂ ಇದ್ದಾರೆ. ಮಣ್ಣು ಪರೀಕ್ಷೆ ಮಾಡಿಸಿದರೆ ಸಾವಯವ ಇಂಗಾಲ ಸಾಮಾನ್ಯವಾಗಿ ಶೇಕಡಾ ಒಂದಕ್ಕಿಂತ ಕಡಿಮೆಯೇ ಬರುತ್ತದೆ. ಹುಟ್ಟಿದ್ದೆಲ್ಲ ಕೊಳೆತು, ಇಂಗಾಲದ ಡೈಆಕ್ಸೈಡ್ ಆಗಿ ಗಾಳಿಗೆ ಸೇರಿಬಿಡುತ್ತದೆ. ಪೀಟ್ ಕಟ್ಟುವುದು ಕೊಳೆಯುವ ಕೆಲಸ ಅರ್ಧಕ್ಕೆ ನಿಂತಲ್ಲಿ ಮಾತ್ರ.

ಆ ಕೆಲಸ ನಿಲ್ಲುವುದು ಗಾಳಿ ಸಿಗದಾಗ. ಮಣ್ಣಿನ ರಂಧ್ರಗಳಲ್ಲಿ ನೀರು ತುಂಬಿದರೆ ಆಮ್ಲಜನಕ ಒಳಗಿಳಿಯುವುದು ಬಹಳ ನಿಧಾನ. ಗಾಳಿಯಲ್ಲಿ ಹರಡುವುದಕ್ಕೆ ಹೋಲಿಸಿದರೆ ನೀರಿನಲ್ಲಿ ಅದು ಸುಮಾರು ಹತ್ತು ಸಾವಿರ ಪಟ್ಟು ನಿಧಾನವಾಗಿ ಹರಡುತ್ತದೆ. ಒಳಗಿದ್ದಷ್ಟು ಆಮ್ಲಜನಕವನ್ನು ಸೂಕ್ಷ್ಮಜೀವಿಗಳು ಬೇಗ ಮುಗಿಸಿಬಿಡುತ್ತವೆ, ಹೊಸದು ಬರುವುದಿಲ್ಲ. ನಮ್ಮ ಹಿರಿಯರು ಜೋಳವನ್ನು ಹಗೇವಿನಲ್ಲಿ ಇಡುತ್ತಿದ್ದುದರ ಹಿಂದಿನ ತತ್ವವೂ ಇದೇ. ನೆಲದಡಿಯ ಗುಂಡಿಗೆ ಕಾಳು ತುಂಬಿ, ಬಾಯಿಗೆ ಮಣ್ಣು ಮೆತ್ತಿ ಮುಚ್ಚಿದರೆ ಒಳಗಿನ ಆಮ್ಲಜನಕ ಕಾಳಿನ ಉಸಿರಾಟದಲ್ಲೇ ಮುಗಿಯುತ್ತದೆ, ಹುಳು ಬದುಕುವುದಿಲ್ಲ, ಕಾಳು ವರ್ಷಗಟ್ಟಲೆ ಕೆಡುವುದಿಲ್ಲ. ಹಗೇವಿನ ಬಾಯಿ ತೆರೆದ ಕೂಡಲೇ ಯಾರೂ ಇಳಿಯುತ್ತಿರಲಿಲ್ಲ. ಗಾಳಿಯಾಡಲು ಬಿಟ್ಟೇ ಇಳಿಯುತ್ತಿದ್ದರು. ಜೌಗಿನಲ್ಲಿ ಆ ಮಣ್ಣಿನ ಮುಚ್ಚಳದ ಜಾಗದಲ್ಲಿ ನೀರಿರುತ್ತದೆ.

ಇದನ್ನು ನೋಡಲು ಸಮುದ್ರದವರೆಗೆ ಹೋಗಬೇಕಿಲ್ಲ. ನಾಟಿ ಮಾಡಿ ಒಂದೂವರೆ ತಿಂಗಳಾದ ಭತ್ತದ ಬುಡವೊಂದನ್ನು ಕೆಸರಿನಿಂದ ನಿಧಾನವಾಗಿ ಕಿತ್ತು, ಕಾಲುವೆ ನೀರಿನಲ್ಲಿ ತೊಳೆದು ನೋಡಿ. ಸುತ್ತಲಿನ ಕೆಸರು ನೀಲಿ ಮಿಶ್ರಿತ ಬೂದು ಬಣ್ಣದ್ದು, ಆದರೆ ಬೇರುಗಳ ಮೇಲೆ ತುಕ್ಕಿನ ಲೇಪ ಕೂತಿರುತ್ತದೆ. ಅದು ನಿಜಕ್ಕೂ ತುಕ್ಕೇ. ಭತ್ತದ ಕಾಂಡದೊಳಗೆ ಎಲೆಯಿಂದ ಬೇರಿನ ತುದಿಯವರೆಗೆ ಗಾಳಿಯ ಕೊಳವೆಗಳಿವೆ. ಎಲೆ ಎಳೆದುಕೊಂಡ ಆಮ್ಲಜನಕ ಆ ದಾರಿಯಲ್ಲಿ ಇಳಿದು ಬೇರಿನಿಂದ ಚೂರು ಚೂರು ಸೋರುತ್ತದೆ, ಕೆಸರಿನಲ್ಲಿ ಕರಗಿರುವ ಕಬ್ಬಿಣ ಅದನ್ನು ತಾಗಿದ ಕೂಡಲೇ ತುಕ್ಕಾಗಿ ಬೇರಿಗೆ ಅಂಟುತ್ತದೆ. ಬೇರಿನ ಸುತ್ತ ಕೂದಲೆಳೆಯಷ್ಟು ಜಾಗದಲ್ಲಿ ಗಾಳಿ ಇದೆ, ಅದರಾಚೆ ಇಲ್ಲ. ಕೆಸರಿಗೆ ಕಾಲಿಟ್ಟಾಗ ಬುಳುಬುಳು ಏಳುವ ಗುಳ್ಳೆಗಳಲ್ಲಿ ಮೀಥೇನ್ ಇರುತ್ತದೆ. ಗಾಳಿಯಿಲ್ಲದ ಕಡೆ ಬದುಕುವ ಸೂಕ್ಷ್ಮಜೀವಿಗಳು ಅಲ್ಲಿ ಕೆಲಸ ಮಾಡುತ್ತಿವೆ ಎಂಬುದಕ್ಕೆ ಅದು ಸಾಕ್ಷಿ. ಉಬ್ಬರದ ಜೌಗಿನ ಹುಲ್ಲುಗಳಿಗೂ ಇಂಥದೇ ಗಾಳಿಯ ಕೊಳವೆಗಳಿವೆ. ಅವಿಲ್ಲದಿದ್ದರೆ ದಿನಕ್ಕೆರಡು ಸಲ ಸಮುದ್ರ ನುಗ್ಗುವ ಕೆಸರಿನಲ್ಲಿ ಅವು ಬದುಕುತ್ತಿರಲಿಲ್ಲ.

ಉಪ್ಪಿನ ಬಗ್ಗೆ ಒಂದು ತಪ್ಪು ಕಲ್ಪನೆ ಬಹಳ ಸುಲಭವಾಗಿ ಬರುತ್ತದೆ, ಅದನ್ನು ಇಲ್ಲೇ ತೆಗೆದುಹಾಕಬೇಕು. ಸಮುದ್ರದ ಉಪ್ಪು ಬೇರುಗಳನ್ನು ಕೊಳೆಯದಂತೆ ಕಾಯುತ್ತದೆ ಎಂಬ ತರ್ಕ ಕೇಳಲು ಚೆನ್ನಾಗಿದೆ, ನಡೆಯುವುದು ಹಾಗಲ್ಲ. ಆಮ್ಲಜನಕ ಮುಗಿದ ಮೇಲೆ ಸೂಕ್ಷ್ಮಜೀವಿಗಳು ಅದರ ಬದಲಿಗೆ ನೈಟ್ರೇಟ್, ಮ್ಯಾಂಗನೀಸ್, ಕಬ್ಬಿಣ, ಸಲ್ಫೇಟ್ ಹೀಗೆ ಒಂದೊಂದನ್ನೇ ಬಳಸಿಕೊಳ್ಳುತ್ತವೆ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 2.7 ಗ್ರಾಂ ಸಲ್ಫೇಟ್ ಇದೆ, ಪ್ರತಿ ಉಬ್ಬರವೂ ಹೊಸದಾಗಿ ತಂದು ಸುರಿಯುತ್ತದೆ. ಸಲ್ಫೇಟ್ ಬಳಸುವ ಬ್ಯಾಕ್ಟೀರಿಯಾಗಳಿಗೆ ಅದು ಎಂದೂ ಖಾಲಿಯಾಗದ ಕಣಜ. ಅವು ಬಿಡುವ ಹೈಡ್ರೋಜನ್ ಸಲ್ಫೈಡ್‌ನಿಂದಲೇ ಜೌಗಿನ ಕೆಸರು ಕೊಳೆತ ಮೊಟ್ಟೆಯಂತೆ ನಾರುತ್ತದೆ. ಅಂದರೆ ಉಪ್ಪುನೀರಿನ ಜೌಗಿನಲ್ಲೂ ಕೊಳೆಯುವುದು ನಡೆದೇ ಇರುತ್ತದೆ, ಆಮ್ಲಜನಕ ಇದ್ದಾಗಿನಷ್ಟು ಪೂರ್ತಿಯಾಗಿ ಮುಗಿಯುವುದಿಲ್ಲ, ಅಷ್ಟೇ.

ಹಾಗಾದರೆ ಮುಗಿಯದೆ ಉಳಿಯುವುದು ಯಾವುದು? ಎಲೆಗಳಂತೂ ಅಲ್ಲ. ಜೌಗಿನ ಮೇಲೆ ಒಣಗಿ ಬಿದ್ದ ಎಲೆ, ದಂಟುಗಳಲ್ಲಿ ಹೆಚ್ಚಿನ ಪಾಲು ಗಾಳಿ ತಾಗುವ ಮೇಲ್ಮೈಯಲ್ಲೇ ಕೊಳೆಯುತ್ತದೆ, ಇಲ್ಲವೇ ಇಳಿತದ ನೀರು ಕೊಚ್ಚಿಕೊಂಡು ಹೋಗುತ್ತದೆ. ಪೀಟ್ ಆಗುವುದು ಬಹುಪಾಲು ನೆಲದೊಳಗೇ ಹುಟ್ಟಿ ನೆಲದೊಳಗೇ ಸಾಯುವ ಬೇರುಗಳು ಮತ್ತು ಕೆಸರಿನಡಿ ಅಡ್ಡಡ್ಡ ಹಬ್ಬುವ ಕಾಂಡಗಳು. ಅವು ಹುಟ್ಟುವಾಗಲೇ ಗಾಳಿಯಿಲ್ಲದ ಜಾಗದಲ್ಲಿವೆ. ಅವುಗಳಲ್ಲೂ ಸಕ್ಕರೆ, ಪಿಷ್ಟದಂಥ ಮೆತ್ತನೆಯ ಭಾಗ ಮೊದಲ ಕೆಲವು ವರ್ಷಗಳಲ್ಲೇ ಕರಗಿಹೋಗುತ್ತದೆ. ಗಟ್ಟಿಯಾಗಿ ನಿಲ್ಲುವುದು ಲಿಗ್ನಿನ್, ಸಸ್ಯಕ್ಕೆ ಬಿಗುವು ಕೊಡುವ ವಸ್ತು. ಲಿಗ್ನಿನ್ ಒಡೆಯಲು ಆಮ್ಲಜನಕ ಬೇಕೇ ಬೇಕು ಎನ್ನುವಷ್ಟರ ಮಟ್ಟಿಗೆ ಬೇಕು. ಹುಟ್ಟಿದ ಬೇರಿನಲ್ಲಿ ಸುಮಾರು ಹತ್ತರಲ್ಲಿ ಒಂದು ಪಾಲು ಮಾತ್ರ ದೀರ್ಘಕಾಲ ಉಳಿಯುತ್ತದೆ ಎಂಬುದು ಒಂದು ಒರಟು ಅಂದಾಜು. ಆ ಒಂದು ಪಾಲೇ ನೆಲವನ್ನು ಎತ್ತುತ್ತದೆ.

ಜೌಗಿಗೆ ಉದ್ದದ ಟೊಳ್ಳು ಕೊಳವೆ ಇಳಿಸಿ ತೆಗೆದ ಪೀಟ್ ತುಂಡು ಕೈಯಲ್ಲಿ ಹಗುರ, ಒತ್ತಿದರೆ ನೀರು ಒಸರುತ್ತದೆ. ಅಮೆರಿಕದ ಈಶಾನ್ಯ ಕರಾವಳಿಯ ಜೌಗುಗಳಲ್ಲಿ ಮೇಲ್ಭಾಗದ ತುಂಡು ಸಣ್ಣ ನಾರಿನ ಕಂತೆಯಂತಿರುತ್ತದೆ. ಅದು ಉಬ್ಬರದ ಗರಿಷ್ಠ ಮಟ್ಟದ ಆಸುಪಾಸಿನಲ್ಲಷ್ಟೇ ಬೆಳೆಯುವ ಸ್ಪಾರ್ಟಿನಾ ಪೇಟೆನ್ಸ್ ಎಂಬ ಹುಲ್ಲಿನದು. ಅದರಡಿಯಲ್ಲಿ ದಪ್ಪ, ಟೊಳ್ಳು ಕಾಂಡಗಳ, ಹೆಚ್ಚು ಕೆಸರು ಬೆರೆತ ಪದರ ಸಿಗುತ್ತದೆ. ಅದು ಇನ್ನೂ ತಗ್ಗಿನಲ್ಲಿ, ದಿನದಿನವೂ ಮುಳುಗೇಳುವ ಜಾಗದಲ್ಲಿ ಬೆಳೆಯುವ ಸ್ಪಾರ್ಟಿನಾ ಆಲ್ಟರ್ನಿಫ್ಲೋರಾದ್ದು. ನಡುವೆ ಅಲ್ಲಲ್ಲಿ ಮರಳಿನ ತೆಳು ಗೆರೆ ಕಂಡರೆ ಅದು ಯಾವುದೋ ಬಿರುಗಾಳಿ ತಂದು ಹಾಸಿದ್ದು. ಯಾವ ಹುಲ್ಲು ಎಷ್ಟು ಆಳದಲ್ಲಿದೆ ಎಂದು ಗುರುತಿಸಿದರೆ ಆ ಕಾಲದಲ್ಲಿ ಸಮುದ್ರ ಎಷ್ಟು ಎತ್ತರದಲ್ಲಿತ್ತು ಎಂದು ಹೇಳಬಹುದು. ಈ ಉಪಾಯ ನನಗೆ ಇಡೀ ವಿಷಯದಲ್ಲೇ ಅತ್ಯಂತ ಪ್ರಿಯವಾದದ್ದು.

ಈ ಬಗೆಯ ಯೋಚನೆ 19ನೆಯ ಶತಮಾನದಲ್ಲೇ ಶುರುವಾಗಿತ್ತು. 1858ರಲ್ಲಿ ಬಿ.ಎಫ್. ಮಡ್ಜ್ ಎಂಬವರು ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಲಿನ್ ಎಂಬಲ್ಲಿನ ಜೌಗಿನ ಬಗ್ಗೆ ಬರೆಯುತ್ತ, ಉಬ್ಬರದ ಮೇಲ್ಮಟ್ಟದಲ್ಲಿ ಮಾತ್ರ ಬೆಳೆಯುವ ಹುಲ್ಲಿನ ಬೇರುಗಳು ಅಷ್ಟು ಆಳದಲ್ಲಿ ಸಿಗಬೇಕಾದರೆ ನೆಲವೇ ನಿಧಾನವಾಗಿ ಕುಸಿದಿರಬೇಕು ಎಂದು ವಾದಿಸಿದರು. ಬೇರಿನ ಮೇಲೆ ಬೇರು ಬೆಳೆಯಲು ಜಾಗ ಎಲ್ಲಿಂದ ಬಂತು ಎಂಬ ಪ್ರಶ್ನೆಗೆ ಅದು ಉತ್ತರ. ಒಂದು ಶತಮಾನದ ನಂತರ ಸಮುದ್ರವಿಜ್ಞಾನಿ ಆಲ್ಫ್ರೆಡ್ ರೆಡ್‌ಫೀಲ್ಡ್ ಅದೇ ರಾಜ್ಯದ ಕೇಪ್ ಕಾಡ್‌ನ ಬಾರ್ನ್‌ಸ್ಟೇಬಲ್ ಜೌಗಿನ ಆಳವನ್ನು ಅಳೆದು, ಪೀಟ್‌ನ ವಯಸ್ಸನ್ನು ಇಂಗಾಲ-14ರ ವಿಧಾನದಿಂದ ಕಂಡುಹಿಡಿದು, 1972ರಲ್ಲಿ ಅದರ ಇಡೀ ಚರಿತ್ರೆಯನ್ನು ಪ್ರಕಟಿಸಿದರು. ಸುಮಾರು 4,000 ವರ್ಷಗಳ ಹಿಂದೆ ಅಲ್ಲಿ ಮರಳದಿಬ್ಬದ ಆಸರೆಯಲ್ಲಿ ಹುಲ್ಲು ಬೇರೂರಿತು. ನೆಲಕ್ಕೆ ಹೋಲಿಸಿದರೆ ಸಮುದ್ರ ಮೆಲ್ಲಗೆ ಏರುತ್ತಿತ್ತು, ಜೌಗು ಅದರ ಜೊತೆಜೊತೆಗೇ ಏರಿತು. ಒಂದು ಕಡೆ ಅದು ಮರಳು ಬಯಲಿನ ಮೇಲೆ ಸಮುದ್ರದತ್ತ ಹಬ್ಬಿತು, ಇನ್ನೊಂದು ಕಡೆ ಒಣನೆಲದ ಮೇಲೇರಿ ಒಳನಾಡಿನತ್ತ ಹಬ್ಬಿತು.

ಇದಕ್ಕೂ ಹಿಂದಿನ ಕಥೆ ಹಿಮಯುಗದ್ದು. ಸುಮಾರು 20,000 ವರ್ಷಗಳಿಂದೀಚೆಗೆ ಹಿಮ ಕರಗಿ ಸಮುದ್ರ ಸುಮಾರು 120 ಮೀಟರ್ ಏರಿತು. ಏರಿಕೆ ಜೋರಾಗಿದ್ದಾಗ ಜೌಗುಗಳು ಒಂದೆಡೆ ನೆಲೆಯೂರಲಾಗದೆ ಮುಳುಗಿದವು. ಸುಮಾರು 7,000 ವರ್ಷಗಳ ಹಿಂದೆ ವೇಗ ತಗ್ಗಿದ ಮೇಲೆಯೇ ಈಗ ನಾವು ಕಾಣುವ ಜೌಗುಗಳು ಕಟ್ಟತೊಡಗಿದ್ದು. ಸಮುದ್ರ ಏರದೆ ಸುಮ್ಮನೆ ನಿಂತಿದ್ದರೂ ಪೀಟ್ ಕಟ್ಟುತ್ತಿರಲಿಲ್ಲ. ಜೌಗು ಉಬ್ಬರದ ಗರಿಷ್ಠ ಮಟ್ಟವನ್ನು ಮುಟ್ಟಿದರೆ ನೀರು ಹತ್ತುವುದು ಅಪರೂಪವಾಗುತ್ತದೆ, ಗಾಳಿ ಒಳಗಿಳಿಯುತ್ತದೆ, ಕೊಳೆಯುವುದು ಪೂರ್ತಿಯಾಗುತ್ತದೆ, ಬೆಳವಣಿಗೆ ಅಲ್ಲಿಗೇ ನಿಲ್ಲುತ್ತದೆ. ಸಮುದ್ರ ಒಂದು ಮಿಲಿಮೀಟರ್ ಏರಿದರೆ ಪೀಟ್‌ಗೂ ಒಂದು ಮಿಲಿಮೀಟರ್ ಜಾಗ ಸಿಗುತ್ತದೆ. ಹುಲ್ಲೂ ಇದಕ್ಕೆ ತಕ್ಕಂತೆ ನಡೆದುಕೊಳ್ಳುತ್ತದೆ. ಜೌಗು ಸ್ವಲ್ಪ ತಗ್ಗಿದರೆ ನೀರು ಹೆಚ್ಚು ಹೊತ್ತು ನಿಲ್ಲುತ್ತದೆ, ಹೂಳು ಹೆಚ್ಚು ಕೂರುತ್ತದೆ, ಒಂದು ಮಿತಿಯವರೆಗೆ ಹುಲ್ಲು ಇನ್ನೂ ಹುಲುಸಾಗಿ ಬೆಳೆದು ನೆಲವನ್ನು ಮೇಲೆತ್ತುತ್ತದೆ. ಆ ಮಿತಿ ದಾಟಿದರೆ ಬೇರು ಉಸಿರುಗಟ್ಟಿ ಸಾಯುತ್ತದೆ, ಬೇರಿನ ಹಿಡಿತ ತಪ್ಪಿದ ಪೀಟ್ ಸಡಿಲವಾಗಿ ಕುಸಿಯುತ್ತದೆ, ಜೌಗಿನ ನಡುವೆ ನೀರಿನ ಮಡುಗಳು ತೆರೆದುಕೊಳ್ಳುತ್ತವೆ. ಅಲ್ಲಿಂದ ಹಿಂದಿರುಗುವುದು ಕಷ್ಟ.

ಈಗ ರಾಯಚೂರು ಸೀಮೆಯ ಜವಳಿಗೆ ಬರೋಣ. ಇಲ್ಲಿನ ಸುಡುಬಿಸಿಲೇ ಪೀಟ್ ಕಟ್ಟಲು ಬಿಡುವುದಿಲ್ಲ ಎಂದು ಹೇಳಿ ಮುಗಿಸಬಹುದಿತ್ತು. ಬಿಸಿಗೆ ಕೊಳೆಯುವ ವೇಗ ಹೆಚ್ಚುವುದು ನಿಜ; ಹತ್ತು ಡಿಗ್ರಿ ಏರಿದರೆ ಅದು ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಆದರೆ ಮಧ್ಯ ಅಮೆರಿಕದ ಬೆಲೀಜ್ ದೇಶದ ಟ್ವಿನ್ ಕೇಸ್ ಎಂಬ ದ್ವೀಪಗಳನ್ನು ನೋಡಿ. ಉಷ್ಣವಲಯದ ಬಿಸಿ ಅಲ್ಲೂ ಇದೆ, ನದಿಯ ಹೂಳು ಒಂದಿಷ್ಟೂ ಬರುವುದಿಲ್ಲ. ಆದರೂ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬೇರುಗಳಿಂದಲೇ ಸುಮಾರು ಹತ್ತು ಮೀಟರ್ ದಪ್ಪದ ಪೀಟ್ ಅಲ್ಲಿ ಏಳೆಂಟು ಸಾವಿರ ವರ್ಷಗಳಲ್ಲಿ ಕಟ್ಟಿದೆ. ಆದ್ದರಿಂದ ಬಿಸಿಲಿನ ಮೇಲೆ ಪೂರ್ತಿ ತಪ್ಪು ಹೊರಿಸುವುದು ಸರಿಯಲ್ಲ. ನಿಜವಾದ ವ್ಯತ್ಯಾಸ ನೀರಿನ ನಿರಂತರತೆಯಲ್ಲಿದೆ. ಕಾಲುವೆಗೆ ನೀರು ನಿಲ್ಲಿಸಿದ ಮೇಲೆ ಬೇಸಿಗೆಯಲ್ಲಿ ನಮ್ಮ ನೆಲ ಒಣಗಿ, ಎರೆ ಬಿರಿದು, ಕೈ ತೂರುವಷ್ಟು ಅಗಲದ ಸೀಳುಗಳು ಬೀಳುತ್ತವೆ. ಮಳೆಗಾಲ, ಬೆಳೆಗಾಲಗಳಲ್ಲಿ ಕೊಳೆಯದೆ ಉಳಿದ ಬೇರುಗಳಿಗೆಲ್ಲ ಆ ಸೀಳುಗಳಿಂದ ಗಾಳಿ ನುಗ್ಗುತ್ತದೆ, ನಲವತ್ತು ಡಿಗ್ರಿ ದಾಟುವ ಬಿಸಿ ಉಳಿದ ಕೆಲಸ ಮುಗಿಸುತ್ತದೆ. ಹತ್ತು ತಿಂಗಳ ಉಳಿತಾಯ ಎರಡು ತಿಂಗಳಲ್ಲಿ ಖರ್ಚಾಗುತ್ತದೆ. ಜೊತೆಗೆ ಇಲ್ಲಿ ನೀರಿನ ಮಟ್ಟ ಶತಮಾನಗಳ ಕಾಲ ಒಂದೇ ಸಮನೆ ಏರುತ್ತ ಹೋಗುವ ಪ್ರಶ್ನೆಯೇ ಇಲ್ಲ.

ಜವಳು ನೆಲ ಪೀಟ್ ಆಗಲಿಲ್ಲ ಎಂದು ಕೊರಗಬೇಕಾಗಿಯೂ ಇಲ್ಲ. ಅದು ಬೇಸಾಯಕ್ಕೆ ಮರಳಬೇಕಾದ ಹೊಲ, ಬಸಿಗಾಲುವೆ ತೋಡಿ ನೀರು ಮತ್ತು ಉಪ್ಪನ್ನು ಹೊರಹಾಕುವುದೇ ಅದಕ್ಕೆ ಮದ್ದು. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರ ಇದೇ ಕೆಲಸದಲ್ಲಿ ತೊಡಗಿಕೊಂಡು ಬಂದಿದೆ. ಆದರೆ ಇಲ್ಲಿಯ ಮದ್ದು ಸಮುದ್ರದಂಚಿನ ಪೀಟ್‌ಗೆ ವಿಷ. ಪೀಟ್‌ನ ನೀರು ಬಸಿದರೆ ಗಾಳಿ ಒಳಹೊಕ್ಕು, ಸಾವಿರಾರು ವರ್ಷ ನಿಂತಿದ್ದ ಕೊಳೆಯುವಿಕೆ ಮತ್ತೆ ಶುರುವಾಗುತ್ತದೆ, ನೆಲ ಕುಸಿಯುತ್ತದೆ. ಇಂಗ್ಲೆಂಡಿನ ಹೋಮ್ ಫೆನ್‌ನಲ್ಲಿ, ಅದು ಸಿಹಿನೀರಿನ ಪೀಟ್ ಆದರೂ, 1850ರ ದಶಕದ ಆರಂಭದಲ್ಲಿ ತುದಿ ನೆಲಮಟ್ಟಕ್ಕೆ ಬರುವಂತೆ ಹೂತ ಕಬ್ಬಿಣದ ಕಂಬ ಈಗ ಸುಮಾರು ನಾಲ್ಕು ಮೀಟರ್ ಹೊರಗೆ ನಿಂತಿದೆ. ಕಂಬ ಮೇಲೆದ್ದಿಲ್ಲ, ಸುತ್ತಲಿನ ನೆಲ ಇಳಿದಿದೆ. ಉಬ್ಬರದ ಜೌಗಿನಲ್ಲಿ ಇನ್ನೊಂದು ಅಪಾಯವೂ ಇದೆ. ಸಲ್ಫೇಟ್ ಬಳಸಿದ ಬ್ಯಾಕ್ಟೀರಿಯಾಗಳು ಬಿಟ್ಟ ಸಲ್ಫೈಡ್ ಕಬ್ಬಿಣದ ಜೊತೆ ಸೇರಿ ಪೈರೈಟ್ ಆಗಿ ಕೂತಿರುತ್ತದೆ, ಅದಕ್ಕೆ ಗಾಳಿ ತಾಗಿದರೆ ಗಂಧಕಾಮ್ಲ ಹುಟ್ಟುತ್ತದೆ. ಕೇರಳದ ಕುಟ್ಟನಾಡಿನಲ್ಲಿ ಸಮುದ್ರಮಟ್ಟಕ್ಕಿಂತ ಕೆಳಗೆ ಭತ್ತ ಬೆಳೆಯುವ ರೈತರು ಅಲ್ಲಿ ‘ಕರಿ’ ಎಂದು ಕರೆಯುವ ಮಣ್ಣಿನಲ್ಲಿ ಎದುರಿಸುವ ಹುಳಿಯ ಮೂಲ ಇದೇ.

ಇನ್ನು ಹೂಳು. ಪೀಟ್ ಎಷ್ಟೇ ನಾರಿನದಾದರೂ ಉಬ್ಬರ ತಂದ ಮಣ್ಣೂ ಅದರಲ್ಲಿ ಬೆರೆತಿರುತ್ತದೆ. ಅಮೆರಿಕದ ಹಲವು ಕರಾವಳಿಗಳ ಮಣ್ಣಿನ ಮಾದರಿಗಳನ್ನು ಒಟ್ಟುಗೂಡಿಸಿ ಜೇಮ್ಸ್ ಮಾರಿಸ್ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ ಜೌಗಿನಲ್ಲಿ ಒಂದು ಗ್ರಾಂ ಸಸ್ಯಾಂಶ ಸುಮಾರು 12 ಘನ ಸೆಂಟಿಮೀಟರ್ ಜಾಗ ಹಿಡಿಯುತ್ತದೆ, ಒಂದು ಗ್ರಾಂ ಮಣ್ಣು ಅರ್ಧ ಘನ ಸೆಂಟಿಮೀಟರ್ ಮಾತ್ರ. ತೂಕದಲ್ಲಿ ಅಲ್ಪವಾದ ಬೇರು ಎತ್ತರ ಕಟ್ಟುವುದರಲ್ಲಿ ಎಷ್ಟು ದೊಡ್ಡ ಪಾಲುದಾರ ಎಂಬುದು ಇದರಿಂದ ತಿಳಿಯುತ್ತದೆ. ಆದರೆ ಬೇರಿನ ಬಲವೊಂದರಿಂದಲೇ ಜೌಗು ವರ್ಷಕ್ಕೆ ಕೆಲವೇ ಮಿಲಿಮೀಟರ್ ಏರಬಲ್ಲದು. ಮೇಲಿನ ಭಾರಕ್ಕೆ ಕೆಳಗಿನ ಪದರ ತಾನಾಗಿ ಅದುಮಿಕೊಳ್ಳುತ್ತ ಅದರಲ್ಲೂ ಒಂದಿಷ್ಟು ಕಳೆದುಹೋಗುತ್ತದೆ. 20ನೆಯ ಶತಮಾನದಲ್ಲಿ ಸಮುದ್ರ ಸರಾಸರಿ ವರ್ಷಕ್ಕೆ ಎರಡು ಮಿಲಿಮೀಟರಿಗಿಂತ ಕಡಿಮೆ ಏರುತ್ತಿತ್ತು. ಇತ್ತೀಚಿನ ವರ್ಷಗಳಲ್ಲಿ ಅದು ನಾಲ್ಕು ಮಿಲಿಮೀಟರ್ ದಾಟಿದೆ. ಏರಿಕೆ ಹೀಗೆ ಹೆಚ್ಚಿದಾಗ ಹೂಳು ಸಿಗುವ ಜೌಗಿಗೂ ಸಿಗದ ಜೌಗಿಗೂ ವ್ಯತ್ಯಾಸ ಎದ್ದು ಕಾಣುತ್ತದೆ. ಮಿಸಿಸಿಪಿ ನದಿಗೆ ಒಡ್ಡು ಕಟ್ಟಿ ಹೂಳು ಜೌಗಿಗೆ ಹರಡದಂತೆ ಮಾಡಿದ್ದು, ಜೌಗಿನೊಳಗೆ ಕಾಲುವೆಗಳನ್ನು ಅಗೆದದ್ದು, ನೆಲ ಕುಸಿದದ್ದು ಎಲ್ಲ ಸೇರಿ ಲೂಸಿಯಾನ ರಾಜ್ಯ 1932ರಿಂದ 2016ರವರೆಗೆ ಸುಮಾರು 4,800 ಚದರ ಕಿಲೋಮೀಟರ್ ಕರಾವಳಿ ನೆಲವನ್ನು ಕಳೆದುಕೊಂಡಿತು.

ಈ ವಿಷಯದಲ್ಲಿ ನಾವು ದೂರದ ಪ್ರೇಕ್ಷಕರಲ್ಲ. ಕೊಪ್ಪಳ ಜಿಲ್ಲೆಯ ಮುನಿರಾಬಾದಿನಿಂದ ಹೊಸಪೇಟೆಯ ಕಡೆಗೆ ಚಾಚಿರುವ ತುಂಗಭದ್ರಾ ಅಣೆಕಟ್ಟೆಯ ಜಲಾಶಯಕ್ಕೆ 1953ರಲ್ಲಿ ಸುಮಾರು 133 ಟಿಎಂಸಿ ಅಡಿ ನೀರು ಹಿಡಿಯುತ್ತಿತ್ತು. ಹೂಳು ತುಂಬಿ ಈಗ ಲೆಕ್ಕಕ್ಕೆ ಸಿಗುವುದು ಸುಮಾರು 105.8 ಟಿಎಂಸಿ ಅಡಿ. ವ್ಯತ್ಯಾಸವನ್ನು ಘನ ಮೀಟರಿನಲ್ಲಿ ಹೇಳಿದರೆ 75 ಕೋಟಿಗೂ ಹೆಚ್ಚು. ಬಳ್ಳಾರಿ, ಕೊಪ್ಪಳ, ರಾಯಚೂರಿನ ರೈತರಿಗೆ ಇದು ಎರಡನೆಯ ಬೆಳೆಗೆ ಸಿಗದೇ ಹೋದ ನೀರಿನ ಲೆಕ್ಕ, ಪ್ರತಿ ವರ್ಷ ನೀರಾವರಿ ಸಲಹಾ ಸಮಿತಿಯ ಸಭೆಯ ಹೊತ್ತಿಗೆ ಎದ್ದು ಬರುವ ಅಳಲು. ಆ ಹೂಳು ಹರಿದುಹೋಗಬೇಕಿದ್ದ ದಾರಿಯನ್ನು ಹಿಡಿದು ನೋಡಿದರೆ ತುಂಗಭದ್ರೆ ಕೃಷ್ಣೆಯನ್ನು ಸೇರುತ್ತದೆ, ಕೃಷ್ಣೆ ಆಂಧ್ರದ ಕರಾವಳಿಯಲ್ಲಿ ಸಮುದ್ರ ಸೇರುತ್ತದೆ. ಅಲ್ಲಿನ ಮುಖಜಭೂಮಿಯ ಕಾಂಡ್ಲಾ ಕಾಡುಗಳ ನೆಲ ಬೆಲೀಜಿನಂತೆ ಬರೀ ಬೇರಿನದಲ್ಲ, ಹೂಳಿನ ಮೇಲೇ ಹೆಚ್ಚಾಗಿ ನಿಂತದ್ದು. ಕೃಷ್ಣಾ ಕಣಿವೆಯ ಅಣೆಕಟ್ಟೆಗಳು ಒಂದರ ಹಿಂದೊಂದು ಬಂದ ಮೇಲೆ ಅಲ್ಲಿಗೆ ತಲುಪುವ ಹೂಳು ಬಹಳವಾಗಿ ಕುಗ್ಗಿದೆ.

ಪಶ್ಚಿಮದಲ್ಲಿ ಇದಕ್ಕೆ ಎದುರಾದ ಚಿತ್ರವನ್ನು ನೋಡಬೇಕೆನಿಸಿದರೆ ಕುಮಟಾ ಬಳಿಯ ಅಘನಾಶಿನಿಗೆ ಹೋಗಬಹುದು. ಆ ನದಿಗೆ ದೊಡ್ಡ ಅಣೆಕಟ್ಟೆ ಇಲ್ಲ. ಅದರ ಅಳಿವೆಯ ಗಜನಿ ಭೂಮಿಯಲ್ಲಿ ಉಪ್ಪು ತಾಳುವ ಕಗ್ಗ ಭತ್ತ ಬೆಳೆಯುತ್ತಾರೆ, ಮಳೆ ಮತ್ತು ಹೊಳೆಯ ಜೊತೆ ಬಂದ ಮಣ್ಣು ಗದ್ದೆಗೂ ಕಾಂಡ್ಲಾ ಬುಡಕ್ಕೂ ಇನ್ನೂ ಬಂದು ಕೂರುತ್ತದೆ. ಅಂಥ ಕಡೆ ನೆಲ ಎಷ್ಟು ಏರುತ್ತಿದೆ ಎಂದು ತಿಳಿಯುವ ವಿಧಾನ ಸರಳವಾಗಿದೆ. ಇಳಿತದ ಹೊತ್ತಿನಲ್ಲಿ ಕೆಸರಿನ ಮೇಲೆ ಫೆಲ್ಡ್‌ಸ್ಪಾರ್ ಎಂಬ ಖನಿಜದ ಬಿಳಿ ಪುಡಿಯನ್ನು ಒಂದು ಚಚ್ಚೌಕದಷ್ಟು ಜಾಗದಲ್ಲಿ ಹಾಸುತ್ತಾರೆ. ಒಂದೆರಡು ವರ್ಷ ಬಿಟ್ಟು ಅಲ್ಲಿ ಸಣ್ಣ ತುಂಡು ಕೊರೆದು ತೆಗೆದು, ಬಿಳಿ ಗೆರೆಯ ಮೇಲೆ ಎಷ್ಟು ಕೂತಿದೆ ಎಂದು ಅಳತೆಪಟ್ಟಿ ಇಟ್ಟು ಓದುತ್ತಾರೆ. ಪಕ್ಕದಲ್ಲೇ ಗಟ್ಟಿ ನೆಲ ಸಿಗುವವರೆಗೆ ಇಳಿಸಿದ ಉಕ್ಕಿನ ಸರಳೊಂದಿರುತ್ತದೆ. ಮೇಲ್ಮೈ ಆ ಸರಳಿಗೆ ಹೋಲಿಸಿ ಎಷ್ಟು ಏರಿದೆ ಅಥವಾ ಇಳಿದಿದೆ ಎಂಬುದು ಎರಡನೆಯ ಓದು. ಎರಡರ ನಡುವಿನ ಅಂತರವೇ ಅಡಿಯಲ್ಲಿ ಬೇರು ಕಟ್ಟಿದ್ದೆಷ್ಟು, ಅದುಮಿ ಕೊಳೆತು ಹೋದದ್ದೆಷ್ಟು ಎಂಬುದರ ನಿವ್ವಳ ಲೆಕ್ಕ.